ಸಾಲಿನ ಕೆಳಗಿನ ಜಾಗ

ಕನ್ನಡ ಫಾಂಟ್ ವಿನ್ಯಾಸಕ್ಕೆ ನಾನು ಬಂದದ್ದು ಕಲಾಶಾಲೆಯಿಂದಲ್ಲ, ಹುಬ್ಬಳ್ಳಿಯ ಒಂದು ಸಣ್ಣ ಮುದ್ರಣಾಲಯದ ಡಿಟಿಪಿ ಮೇಜಿನಿಂದ. ಲಗ್ನಪತ್ರಿಕೆ, ಕರಪತ್ರ, ಸಹಕಾರಿ ಸಂಘಗಳ ವಾರ್ಷಿಕ ವರದಿಗಳನ್ನು ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ತಂತ್ರಾಂಶದಲ್ಲಿ ಕೂರಿಸುವುದು ನನ್ನ ಕೆಲಸವಾಗಿತ್ತು. ಆಗಿನ ಫಾಂಟುಗಳಲ್ಲಿ ಹೆಚ್ಚೆಂದರೆ 256 ಸ್ಥಾನಗಳಿದ್ದು, ಅವುಗಳಲ್ಲಿಯೂ ಎಲ್ಲವನ್ನೂ ಬಳಸಿಕೊಳ್ಳುವಂತಿರಲಿಲ್ಲವಾದ್ದರಿಂದ, ಪ್ರತಿ ವ್ಯಂಜನದ ಒತ್ತಿಗೆ ಒಂದೇ ಆಕಾರವನ್ನು ಬರೆದು ಅದನ್ನೇ ಎಲ್ಲ ಅಕ್ಷರಗಳಿಗೂ ಒಂದೇ ಎತ್ತರದಲ್ಲಿ ನೇತುಹಾಕಬೇಕಾಗುತ್ತಿತ್ತು. ‘ಅಕ್ಕ’ದಲ್ಲಿ ಇದು ಹೇಗೋ ನಡೆಯುತ್ತಿತ್ತು, ‘ರಾಷ್ಟ್ರ’ದಲ್ಲಿ ಟಕಾರದ ಒತ್ತೂ ರಕಾರದ ಒತ್ತೂ ಒಂದಕ್ಕೊಂದು ಢಿಕ್ಕಿ ಹೊಡೆಯುತ್ತಿದ್ದವು. ಆಗಸ್ಟ್ 15ರ ಜಾಹೀರಾತುಗಳು ಬರುವ ವಾರವೆಂದರೆ ‘ಸ್ವಾತಂತ್ರ್ಯ’ ಎಂಬ ಒಂದು ಪದವನ್ನು ಕೈಯಿಂದ ಎಳೆದೆಳೆದು ಸರಿಪಡಿಸುವ ವಾರ.

ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಸಂಖ್ಯೆ ಕೊಡುವ ಯೂನಿಕೋಡ್ ಬಂದು ಈ ತೊಡಕನ್ನು ಬೇರೆಡೆಗೆ ಸರಿಸಿತು. ಬರಹದಲ್ಲಿ ಸಂಗ್ರಹವಾಗುವುದು ಧ್ವನಿಯ ಸಂಕೇತ ಮಾತ್ರ. ಅದಕ್ಕೆ ಯಾವ ಆಕಾರ, ಯಾವ ಜಾಗ ಎಂಬುದನ್ನು ಫಾಂಟಿನೊಳಗಿನ ನಿಯಮಗಳು ತೀರ್ಮಾನಿಸುತ್ತವೆ. ಅಕ್ಷರ ವಿನ್ಯಾಸಕ ಆರ್.ಕೆ. ಜೋಶಿಯವರು ರೂಪಿಸಿದ ‘ತುಂಗಾ’ ಫಾಂಟು ವಿಂಡೋಸ್ ಎಕ್ಸ್‌ಪಿಯೊಡನೆ ನನ್ನ ಮೇಜಿಗೆ ಬಂದಾಗ ಅದರ ನಿಯಮಗಳನ್ನು ಬಿಚ್ಚಿ ನೋಡುವುದೇ ನನ್ನ ಮೊದಲ ಪಾಠವಾಯಿತು. ಮುಂದೆ ಫಾಂಟ್‌ಫೋರ್ಜ್ ಎಂಬ ಉಚಿತ ತಂತ್ರಾಂಶದಲ್ಲಿ, ರಾತ್ರಿ ಹೊತ್ತು, ನನ್ನದೇ ಅಕ್ಷರಗಳನ್ನು ಬರೆಯತೊಡಗಿದೆ.

ಮೊದಲ ಪ್ರಯತ್ನ ಕೆಟ್ಟಿತು, ಕೆಟ್ಟದ್ದು ಒತ್ತುಗಳಲ್ಲಿಯೇ. ಮೂಲಾಕ್ಷರದ ತಲಕಟ್ಟನ್ನು ತೆಗೆದು, ಉಳಿದುದನ್ನು ಶೇಕಡ 60ಕ್ಕೆ ಕುಗ್ಗಿಸಿದರೆ ಒತ್ತು ಸಿದ್ಧವೆಂದು ತಿಳಿದಿದ್ದೆ. ಕುಗ್ಗಿಸಿದಾಗ ಆಕಾರದೊಡನೆ ಗೆರೆಯ ದಪ್ಪವೂ ಕುಗ್ಗುತ್ತದೆ. ಹಾಳೆಯನ್ನು ಅಚ್ಚು ಹಾಕಿ ನೋಡಿದರೆ ಅಕ್ಷರಗಳು ಮೈಕೈ ತುಂಬಿಕೊಂಡಿದ್ದು, ಒತ್ತುಗಳು ಮಾತ್ರ ಜ್ವರ ಬಂದು ಎದ್ದವರಂತೆ ಕಾಣುತ್ತಿದ್ದವು. ಹೀಗಾಗಿ ಪ್ರತಿಯೊಂದು ಒತ್ತನ್ನೂ ಹೊಸದಾಗಿ, ಗೆರೆಯ ದಪ್ಪವನ್ನು ಮೂಲಾಕ್ಷರದ ಸಮೀಪಕ್ಕೆ ತಂದು, ಒಳಗಿನ ಖಾಲಿ ಜಾಗವನ್ನು ಹಿಗ್ಗಿಸಿ ಬರೆಯಬೇಕಾಯಿತು. ತ, ನ, ಮ, ಯ, ರ, ಲಗಳ ಒತ್ತುಗಳಿಗಂತೂ ಮೂಲಾಕ್ಷರದ ಹೋಲಿಕೆಯೇ ಇಲ್ಲದಿರುವುದರಿಂದ ಕುಗ್ಗಿಸುವ ಮಾತೇ ಬರುವುದಿಲ್ಲ.

ಈ ಕೆಲಸದಿಂದ ನನ್ನ ಕ್ರಮವೇ ತಿರುಗುಮುರುಗಾಯಿತು. ಈಗ ನಾನು ‘ಅ’ದಿಂದ ಪ್ರಾರಂಭಿಸುವುದಿಲ್ಲ. ಎರಡೆರಡು ಒತ್ತುಗಳಿರುವ ಪದಗಳನ್ನು ಮೊದಲು ಬರೆದು, ಅವು ಎಷ್ಟು ಕೆಳಗಿಳಿಯುತ್ತವೆ ಎಂದು ಅಳೆದು, ಸಾಲುಗಳ ನಡುವಿನ ಅಂತರ ಎಷ್ಟಿರಬೇಕೆಂದು ಗೊತ್ತುಮಾಡಿಕೊಂಡ ಮೇಲೆಯೇ ಮೂಲಾಕ್ಷರದ ಗಾತ್ರವನ್ನು ನಿರ್ಧರಿಸುತ್ತೇನೆ. ಅಕ್ಷರವನ್ನು ದೊಡ್ಡದಾಗಿ ಬರೆದು ಒತ್ತಿಗೆ ಉಳಿದ ಜಾಗ ಕೊಡುವ ಫಾಂಟು ಹೆಸರಿನ ಫಲಕದ ಮೇಲೆ ಚೆನ್ನಾಗಿ ಕಂಡೀತು, ಪುಸ್ತಕದ ಪುಟದಲ್ಲಿ ಕಣ್ಣನ್ನು ದಣಿಸುತ್ತದೆ. 34 ವ್ಯಂಜನಗಳಿಗೆ 34 ಒತ್ತುಗಳೆಂದರೆ ಲೆಕ್ಕಕ್ಕೆ 1,156 ಜೋಡಿಗಳಾಗುತ್ತವೆ. ನಿಘಂಟಿನಲ್ಲಿ ಕಾಣಸಿಗದ ಜೋಡಿಗಳನ್ನು ಬಿಟ್ಟುಬಿಡೋಣವೆಂದು ಒಮ್ಮೆ ಯೋಚಿಸಿದ್ದೆ. ಆದರೆ ‘ಸಾಫ್ಟ್‌ವೇರ್’ ಎಂಬ ಪದ ಫಕಾರದ ಅಡಿಯಲ್ಲಿ ಟಕಾರವನ್ನು ಬೇಡುತ್ತದೆ, ನಾಳೆ ಇನ್ನಾವ ಪದ ಏನನ್ನು ಬೇಡುವುದೋ ಹೇಳಲಾಗದು.

ಮೂಲಾಕ್ಷರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ‘ದ’ ಮತ್ತು ‘ಧ’. ಇವೆರಡನ್ನು ಬೇರ್ಪಡಿಸುವುದು ಕೆಳಗಿನ ಒಂದು ಸೀಳು ಮಾತ್ರ. ಅಗ್ಗದ ಕಾಗದದ ಮೇಲೆ ಶಾಯಿ ಹರಡಿ ಆ ಸೀಳು ಮುಚ್ಚಿಹೋದರೆ ‘ಧನ’ವು ‘ದನ’ವಾಗುತ್ತದೆ. ಪರದೆಯ ಮೇಲೆ ತುಸು ಅತಿಯೆನಿಸುವಷ್ಟು ಅಗಲವಾಗಿ ಸೀಳನ್ನು ತೆರೆದಾಗಲೇ ಅಚ್ಚಿನಲ್ಲಿ ಅದು ಸಹಜವಾಗಿ ಕಂಡಿತು. ‘ರ’ಕಾರದ ಹೊಟ್ಟೆಯಲ್ಲಿ ಚುಕ್ಕೆಯಿಟ್ಟು ‘ಠ’ ಮಾಡುವಾಗಲೂ ಇದೇ ಎಚ್ಚರ ಬೇಕು. ‘ಪು’, ‘ವು’ಗಳದು ಬೇರೆಯ ಕಥೆ. ಉಳಿದ ಅಕ್ಷರಗಳಿಗೆ ಹಚ್ಚುವಂತೆ ಕೊಂಬನ್ನು ಅಲ್ಲಿಯೂ ಹಚ್ಚಿದರೆ ‘ವು’ ಎಂಬುದು ‘ಮ’ದಂತೆ ಕಾಣುವುದರಿಂದ, ಅವೆರಡಕ್ಕೂ ಕೊಂಬನ್ನು ಕೆಳಗಿಳಿಸಿ ಬರೆಯುವುದು ನಮ್ಮ ಕೈಬರಹದ ರೂಢಿ, ಫಾಂಟಿನಲ್ಲಿ ಅದಕ್ಕಾಗಿ ಪ್ರತ್ಯೇಕ ಆಕಾರಗಳನ್ನೇ ಇಡಬೇಕು.

ಅಕ್ಷರ ಬರೆಯುವುದು ಅರ್ಧ ಕೆಲಸ, ನಿಯಮ ಬರೆಯುವುದು ಇನ್ನರ್ಧ. ‘ರ್’ ಮೊದಲು ಬಂದರೆ ಅದು ಅರ್ಕಾವೊತ್ತಾಗಿ ಹಿಂದಕ್ಕೆ ಹೋಗಬೇಕು, ‘ಸೂರ್ಯ’ದಲ್ಲಿ ಆಗುವಂತೆ. ಆದರೆ ‘ರ‍್ಯಾಂಕ್’ ಎಂದು ಬರೆಯುವವರಿಗೆ ರಕಾರ ಮುಂದೆಯೇ ಉಳಿದು ಯಕಾರವೇ ಒತ್ತಾಗಬೇಕು. ಇದಕ್ಕಾಗಿ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಬರುತ್ತದೆ, ಅದನ್ನು ಫಾಂಟು ಗುರುತಿಸಬೇಕು. ನನ್ನ ಮೊದಲ ಫಾಂಟು ಗುರುತಿಸಲಿಲ್ಲ.

ಜೀವನೋಪಾಯದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬಿಡಿಯಾಗಿ ಫಾಂಟ್ ಕೊಳ್ಳುವ ಕನ್ನಡಿಗರು ವಿರಳ; ನನ್ನ ಗಳಿಕೆ ಬಂದದ್ದು ಪ್ರಕಾಶಕರು, ಸಂಸ್ಥೆಗಳು ತಮಗೆಂದೇ ಮಾಡಿಸಿಕೊಂಡ ಅಕ್ಷರಗಳಿಂದ, ಮತ್ತು ಪರರ ಫಾಂಟುಗಳ ನಿಯಮಗಳನ್ನು ತಿದ್ದಿಕೊಟ್ಟದ್ದರಿಂದ. ಒಮ್ಮೆ ಒಬ್ಬ ಪ್ರಕಾಶಕರು, ಒತ್ತುಗಳೆಲ್ಲ ಬಿಡಿಬಿಡಿಯಾಗಿ ಉದುರಿದ್ದ ಪುಟವೊಂದರ ಚಿತ್ರ ಕಳಿಸಿ, ಕೊಟ್ಟ ಮುಂಗಡವನ್ನು ವಾಪಸು ಕೇಳಿದರು. ಅಲ್ಲಿಗೇ ಹೋಗಿ ನೋಡಿದರೆ ಇನ್‌ಡಿಸೈನ್ ಎಂಬ ಪುಟ ಜೋಡಿಸುವ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ವರ್ಲ್ಡ್‌ರೆಡಿ ಕಂಪೋಸರ್ ಆಯ್ಕೆಯನ್ನು ಯಾರೂ ಹಾಕಿರಲಿಲ್ಲ. ಅಂದಿನಿಂದ ಪ್ರತಿ ಫಾಂಟಿನೊಡನೆ ಆ ಆಯ್ಕೆ ಎಲ್ಲಿದೆಯೆಂದು ತೋರಿಸುವ ಒಂದು ಪುಟವನ್ನೂ ಕಳಿಸುತ್ತೇನೆ.

ಈಗ ಅದೇ ಅಕ್ಷರಗಳ ದಪ್ಪ ರೂಪವನ್ನು ಬರೆಯುತ್ತಿದ್ದೇನೆ. ಲಗ್ನಪತ್ರಿಕೆಗಳ ಕಾಲದಿಂದಲೂ ನನ್ನ ಬೆನ್ನು ಬಿಡದ ‘ಲಕ್ಷ್ಮೀ’ ಇನ್ನೂ ಒಪ್ಪವಾಗಿ ಕೂತಿಲ್ಲ: ಕಕಾರದ ಮೇಲೆ ಗುಡಿಸು, ಕೆಳಗೆ ಷಕಾರ, ಅದರ ಪಕ್ಕದಲ್ಲಿ ಮಕಾರ, ಅಷ್ಟರೊಳಗೆ ಬಲಗಡೆ ದೀರ್ಘ. ದೀರ್ಘವನ್ನು ಬಲಕ್ಕೆ ಸರಿಸಿದರೆ ಪದ ಸಡಿಲವಾಗುತ್ತದೆ, ಸರಿಸದಿದ್ದರೆ ಅದರ ಬುಡ ಮಕಾರದ ಒತ್ತಿಗೆ ತಗಲುತ್ತದೆ. ನಿನ್ನೆ ಮಕಾರವನ್ನೇ ತುಸು ಕಿರಿದಾಗಿಸಿ ಮತ್ತೊಂದು ಹಾಳೆ ಅಚ್ಚು ಹಾಕಿ ಗೋಡೆಗೆ ಅಂಟಿಸಿದ್ದೇನೆ.