ಗೋಬರ್ ಗ್ಯಾಸ್ ಸೋರಬಾರದು

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಅಡಿಕೆ ತೋಟ. ಹಟ್ಟಿಯಲ್ಲಿ ಎರಡು ಕಾಸರಗೋಡು ಗಿಡ್ಡ ತಳಿಯ ಸಣ್ಣ ದನ, ಎರಡು ಜೆರ್ಸಿ ಮಿಶ್ರತಳಿ. ಸೌದೆ ಒಲೆಯ ಹೊಗೆಯಿಂದ ಅಮ್ಮನ ಕೆಮ್ಮು ಜಾಸ್ತಿಯಾದಾಗ ದೀನಬಂಧು ಮಾದರಿಯ, ಅಂದರೆ ನೆಲದಡಿಯ ಗುಮ್ಮಟದಲ್ಲಿ ಗ್ಯಾಸ್ ತುಂಬುವ ಗೋಬರ್ ಗ್ಯಾಸ್ ಕಟ್ಟಿಸಿದೆವು. ದಿನಕ್ಕೆ ಎರಡು ಘನ ಮೀಟರ್ ಗ್ಯಾಸ್ ಕೊಡುವಂಥದು. ದಿನಕ್ಕೆ ಸುಮಾರು 50 ಕಿಲೋ ಸೆಗಣಿ ಬೇಕು, ಅಷ್ಟೇ ನೀರು. ಗಿಡ್ಡ ದನಗಳ ಸೆಗಣಿ ಒಂದೇ ನೆಚ್ಚಿದರೆ ಇಷ್ಟು ದೊಡ್ಡದು ತುಂಬುವುದಿಲ್ಲ.

ಕಟ್ಟುವುದು ಹೇಗೆ ಅಂತ ಎಲ್ಲರೂ ಹೇಳುತ್ತಾರೆ. ಸೋರಿಕೆಯ ಮಾತು ಮಾತ್ರ ಬರುವುದೇ ಇಲ್ಲ. ಈ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ಉರಿಸಿದರೆ ಅದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ದನ ತಿಂದ ಹುಲ್ಲು ಗಾಳಿಯಿಂದಲೇ ಎಳೆದುಕೊಂಡಿದ್ದ ಇಂಗಾಲ ಅದು, ಹಾಗಾಗಿ ಹೊಸ ಹೊರೆಯಲ್ಲ. ಉರಿಸದೆ ಬಿಟ್ಟರೆ ಕಥೆಯೇ ಬೇರೆ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು, 20 ವರ್ಷದ ಲೆಕ್ಕದಲ್ಲಿ 80 ಪಟ್ಟಿನಷ್ಟು ಬಿಸಿ ಹಿಡಿಯುತ್ತದೆ. ಗಾಳಿಯಲ್ಲಿ ಉಳಿಯುವುದು ಸರಾಸರಿ ಹತ್ತು ಹನ್ನೆರಡು ವರ್ಷ ಮಾತ್ರ. ಅಂದರೆ ಇವತ್ತು ಸೋರಿಕೆ ನಿಲ್ಲಿಸಿದರೆ ಅದರ ಫಲ ನಮ್ಮ ಕಾಲದಲ್ಲೇ ಸಿಗುತ್ತದೆ, ಅಲ್ವಾ?

ಅದಕ್ಕೇ ನಾನು ತಿಂಗಳಿಗೊಮ್ಮೆ ಸಾಬೂನು ನೀರು ಹಿಡಿದು ಹೊರಡುತ್ತೇನೆ. ಗುಮ್ಮಟದ ಮೇಲಿನ ವಾಲ್ವ್, ಪೈಪಿನ ಪ್ರತಿ ಜೋಡಣೆ, ಒಲೆಯ ರಬ್ಬರ್ ಟ್ಯೂಬ್, ಎಲ್ಲ ಕಡೆ ಹಚ್ಚಿ ನೋಡುವುದು. ಗುಳ್ಳೆ ಎದ್ದರೆ ಅಲ್ಲೇ ಬಿಗಿ ಮಾಡುತ್ತೇನೆ. ರಬ್ಬರ್ ಸೀಳಿದ್ದರೆ ಬದಲಿಸುತ್ತೇನೆ. ಆಗ ಹತ್ತಿರ ಬೆಂಕಿ ಇರಲೇಬಾರದು. ಪೈಪನ್ನು ಒಂದು ಕಡೆಗೆ ಇಳಿಜಾರಾಗಿ ಹಾಕಿ ಅಲ್ಲಿ ನೀರು ತೆಗೆಯುವ ನಲ್ಲಿ ಇಡಿ. ಮಳೆಗಾಲದಲ್ಲಿ ನೀರು ನಿಂತರೆ ಜ್ವಾಲೆ ಕುಣಿಯುತ್ತದೆ.

ಜಾಸ್ತಿ ಗ್ಯಾಸ್ ಆದಾಗಲೂ ನಷ್ಟವಿದೆ. ಗುಮ್ಮಟ ತುಂಬಿದರೆ ಒತ್ತಡಕ್ಕೆ ಬಗ್ಗಡ ಕೆಳಗಿಳಿದು, ಗ್ಯಾಸ್ ಗುಳುಗುಳು ಎಂದು ಹೊರಗೆ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೀಗಾಗುವುದು ಹೆಚ್ಚು, ಬಿಸಿಲಿಗೆ ಗ್ಯಾಸ್ ಚೆನ್ನಾಗಿ ಹುಟ್ಟುತ್ತದೆ. ನಾವು ಆಗ ಬಚ್ಚಲ ನೀರನ್ನೂ ಅದರಲ್ಲೇ ಕಾಯಿಸುತ್ತೇವೆ. ನಾಲ್ಕು ದಿನ ಊರಲ್ಲಿ ಇರುವುದಿಲ್ಲ ಎಂದರೆ ಮುಂಚೆಯೇ ಸೆಗಣಿ ಹಾಕುವುದು ಕಡಿಮೆ ಮಾಡುತ್ತೇವೆ. ಸುಮ್ನೆ ವಾಲ್ವ್ ತೆರೆದು ಬಿಡುವುದನ್ನು ನಾನು ಒಪ್ಪುವುದಿಲ್ಲ.

ನಮ್ಮ ಎಣ್ಮಕಜೆ ಪಂಚಾಯತಿನ ಕಡೆ ಗೇರು ತೋಟಗಳಿಗೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದಿದ್ದರು. ಗಾಳಿಗೆ ಬಿಟ್ಟದ್ದು ಸುಮ್ಮನೆ ಮಾಯವಾಗುವುದಿಲ್ಲ ಎಂದು ಇಲ್ಲಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಮೀಥೇನಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ವಾಸನೆ ಜೊತೆಗಿರುವ ಹೈಡ್ರೋಜನ್ ಸಲ್ಫೈಡಿನದು. ಅಡುಗೆಮನೆಯಲ್ಲಿ ಆ ವಾಸನೆ ಬಂದರೆ ಮೊದಲು ಕಿಟಕಿ ತೆರೆಯಿರಿ, ಸ್ವಿಚ್ ಮುಟ್ಟಬೇಡಿ, ಆಮೇಲೆ ಹೊರಗಿನ ವಾಲ್ವ್ ಮುಚ್ಚಿ.