ಕುದಿಯೋ ನೀರಿಗೆ ಬೋಟಿ ಹಾಕಬೇಡಿ

ಮೊನ್ನೆ ಶಿವಮೊಗ್ಗದಲ್ಲಿ ಮಗನ ಮನೆಗೆ ಹೋಗಿದ್ದೆ. ಅಜ್ಜಿ ಬಂದಿದಾಳೆ, ಮಾಡ್ಕೊಡ್ತಾಳೆ ಅಂತ ಮೊಮ್ಮಗ ಭಾನುವಾರ ಬೆಳಿಗ್ಗೆನೇ ಬೋಟಿ ತಂದ, ಅಂದ್ರೆ ಕುರಿ-ಮೇಕೆಯ ಹೊಟ್ಟೆ ಚೀಲ, ಕರುಳು. ನಾನು ಸ್ನಾನ ಮುಗಿಸಿ ಬರೋದ್ರೊಳಗೆ ಸೊಸೆ ಅದನ್ನ ಕೊತಕೊತ ಕುದಿಯೋ ನೀರಿಗೆ ಇಳಿಸಿಬಿಟ್ಟಿದ್ದಳು. "ಚೆನ್ನಾಗಿ ಕ್ಲೀನ್ ಆಗ್ಲಿ ಅಂತ, ಅತ್ತೆ" ಅಂದಳು. ಎಂತ ಹೇಳೋದು! ಮಧ್ಯಾಹ್ನ 12 ಗಂಟೆವರೆಗೂ ಇಬ್ಬರೂ ಕೂತು ಕೆರೆದದ್ದೇ ಬಂತು, ಕರೀ ಸಿಪ್ಪೆ ಅರ್ಧವೂ ಬಿಡಲಿಲ್ಲ.

ಈಗಿನವರಿಗೆ ಬಾಡು ಅಂದ್ರೆ ಮೂಳೆಯಿಲ್ಲದ ತೊಡೆ ತುಂಡು, ಕುಕ್ಕರಿನಲ್ಲಿ 8 ಕೂಗು, ಮುಗೀತು. ತಲೆ, ಕಾಲು, ಬೋಟಿಗೆ ಅಂಗಡಿಯಲ್ಲಿ ಬೇರೆ ಲೆಕ್ಕ, ಮಟನ್ನಿನ ರೇಟಲ್ಲ. ನಮ್ಮ ತುಂಬಿದ ಮನೆಯಲ್ಲಿ ಹಬ್ಬ ಬಿಟ್ಟು ಬೇರೆ ದಿನ ಒಲೆ ಮೇಲೆ ಬೇಯುತ್ತಿದ್ದದ್ದು ಇವೇ. ಮಟನ್ನೇ ತರೋದಿದ್ದರೂ ಕತ್ತು, ಎದೆಮೂಳೆ ಕೇಳಿ ಹಾಕಿಸಿಕೊಳ್ಳಿ. ಓಡಾಡಿದ ಜಾಗದ ಮಾಂಸ ಬೇಯೋದು ತಡ, ಸಾರಿಗೆ ರುಚಿ ಕೊಡೋದೂ ಅದೇ.

ಬೋಟಿ ತರೋದಾದ್ರೆ ಬೆಳಿಗ್ಗೆನೇ ಹೋಗಿ. ಮೂಗು ಹತ್ತಿರ ಹಿಡಿದು ನೋಡಿ, ನಾಚಿಕೆ ಬೇಡ. ಹಟ್ಟಿ ವಾಸನೆ ಬಂದರೆ ಪರವಾಗಿಲ್ಲ, ಅದು ಸಹಜ. ಹುಳಿ ವಾಸನೆ ಬಂತೋ, ಮುಟ್ಟಿದರೆ ಲೋಳೆ ಲೋಳೆ ಅನ್ನಿಸ್ತೋ, ಅಲ್ಲೇ ಬಿಟ್ಟು ಬನ್ನಿ.

ಇನ್ನು ನೀರು. ಮೊದಲು ತಣ್ಣೀರಲ್ಲೇ ಒಳಗಿರೋದೆಲ್ಲ ಹೋಗೋ ಹಾಗೆ ತೊಳೆಯಬೇಕು. ಆಮೇಲೆ ಅಗಲ ಪಾತ್ರೆಗೆ ಕುದಿನೀರು ಹಾಕಿ, ಚೊಂಬಿನಲ್ಲಿ ತಣ್ಣೀರು ಬೆರೆಸುತ್ತಾ ಬನ್ನಿ. ಬೆರಳು ಅದ್ದಬೇಕು, ಒಂದು, ಎರಡು ಅನ್ನೋದ್ರೊಳಗೆ ಕೈ ತಾನಾಗಿ ಹಿಂದೆ ಬರಬೇಕು. ಅದ್ದಲಿಕ್ಕೇ ಆಗದಿದ್ದರೆ ಜಾಸ್ತಿಯಾಯ್ತು, ಆರಾಮಾಗಿ ಇಟ್ಟುಕೊಳ್ಳೋ ಹಾಗಿದ್ದರೆ ಸಾಲದು. ಚೀಲದ ಒಂದು ತುದಿ ಹಿಡಿದು ಇಳಿಸಿ, ಎರಡು ಸಲ ಆಡಿಸಿ, ಮೇಲೆತ್ತಿ ಚಾಕುವಿನ ಬೆನ್ನಿನಿಂದ ಕೆರೆದು ನೋಡಿ. ಹಿತಕಿದ ಅವರೆಕಾಳು ಸಿಪ್ಪೆಯಿಂದ ಜಾರೋ ಹಾಗೆ ಕರೀ ಪೊರೆ ಜಾರಿ, ಕೆಳಗೆ ಕೆನೆ ಬಣ್ಣ ಕಾಣಬೇಕು. ಕಂಡ ತಕ್ಷಣ ಪೂರ್ತಿ ಹೊರಗೆ ತೆಗೀರಿ. ಇನ್ನೂ ಒಂದು ಗಳಿಗೆ ಇರಲಿ ಅಂದ್ರೋ, ಆ ಪೊರೆ ಬೆಂದು ಮಾಂಸಕ್ಕೆ ಅಂಟಿಬಿಡುತ್ತೆ. ಆಮೇಲೆ ಬ್ರಹ್ಮ ಬಂದರೂ ಬಿಡಿಸೋಕಾಗಲ್ಲ. ಜೇನುಗೂಡಿನ ಹಾಗಿರೋ ತುಂಡು ಸತಾಯಿಸುತ್ತೆ. ಅದಕ್ಕೆ ನಮ್ಮ ಅತ್ತೆಮ್ಮ ಎಲೆ ಅಡಿಕೆ ತಟ್ಟೆಯಿಂದ ಕಡ್ಲೆಕಾಳಿನಷ್ಟು ಸುಣ್ಣ ತೆಗೆದು ತಿಕ್ಕಿ, ಮೂರ್ನಾಲ್ಕು ನೀರಲ್ಲಿ ತೊಳೀತಿದ್ದರು. ಪುಸ್ತಕದ ಹಾಳೆ ಹಾಗಿರೋದನ್ನ ಒಂದೊಂದೇ ಹಾಳೆ ಬಿಡಿಸಿ. ಮಡಚಿ ತೊಳೆದರೆ ಒಳಗಿನ ಕಸ ಹಾಗೇ ಉಳಿದು ಊಟದಲ್ಲಿ ಕರಕರ ಅನ್ನುತ್ತೆ. ಕರುಳನ್ನ ತೆಂಗಿನ ಗರಿ ಕಡ್ಡಿಯಿಂದ ತಿರುವಿ ಹಾಕಿ, ಉಪ್ಪು, ಅಕ್ಕಿ ತೌಡು ಹಾಕಿ ಉಜ್ಜಿ.

ಚಾಕು ಅಂದೆನಲ್ಲ, ಮಗನ ಮನೆಯಲ್ಲಿ ಆರು ಚಾಕು ಇವೆ, ಒಂದೂ ಕೊಯ್ಯಲ್ಲ. ಪಿಂಗಾಣಿ ಕಪ್ಪಿನ ತಳ ನಯವಿಲ್ಲದೆ ಇರುತ್ತಲ್ಲ, ಅದರ ಮೇಲೆ ನಾಲ್ಕು ಸಲ ಎಳೆದರೆ ಸಾಕು. ಅಷ್ಟೂ ಗೊತ್ತಿಲ್ವಾ?

ಶುಚಿ ಆದಮೇಲೆ ಅರಿಶಿನ ಹಾಕಿ ಒಂದು ಕುದಿ ಬರಿಸಿ, ಆ ನೀರು ಚೆಲ್ಲಿ. ಆಮೇಲೆ ನಿಮ್ಮ ಮನೆ ಮಸಾಲೆ. ನಾನು ಕರಿಮೆಣಸು ಮುಂದೆ ಮಾಡ್ತೀನಿ, ನೆನೆಸಿದ ಕಡ್ಲೆಕಾಳು ಸೇರಿಸ್ತೀನಿ. ಉಗುರಿನಲ್ಲಿ ಒತ್ತಿದರೆ ಮೆತ್ತಗೆ ಸಿಕ್ಕಬೇಕು, ರಬ್ಬರಿನ ಹಾಗೆ ಹಿಂದೆ ಬರಬಾರದು. ಹುಳಿ ಕೊನೆಗೆ, ಒಣಗಿಸಿದ ವಾಟೆ ಹುಳಿ ಇದ್ದರೆ ಇನ್ನೂ ಒಳ್ಳೇದು. ಈಲಿ, ಅಂದ್ರೆ ಲಿವರ್, ತಂದಿದ್ದರೆ ಅದೂ ಕೊನೆಗೇ. ಜಾಸ್ತಿ ಹೊತ್ತು ಬೆಂದರೆ ಗಟ್ಟಿಯಾಗಿ ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ಕಾಲಿನ ಸಾರಿನ ಕತೆ ಬೇರೆ. ಮಳೆಗಾಲದಲ್ಲಿ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಒಟ್ಟಿ, ಹಂಡೆ ಪಕ್ಕದಲ್ಲೇ ಕಾಲಿನ ಮಡಕೆ ಇಡುತ್ತಿದ್ದೆವು. ರಾತ್ರಿಯಿಡೀ ಸಣ್ಣಗೆ ಕುದ್ದ ಸಾರು ಬೆಳಿಗ್ಗೆ ಕುಡಿದರೆ ತುಟಿಗೆ ತುಟಿ ಅಂಟೋದು. ಉಳಿದದ್ದು ಆರಿದರೆ ಹಾಲುಬಾಯಿ ಹಾಗೆ ನಡುಗೋದು. ಗ್ಯಾಸಿನಲ್ಲೂ ಆಗುತ್ತೆ: ಕುಕ್ಕರ್ ಒಂದು ಕೂಗು ಕೂಗಿದ ಮೇಲೆ ಉರಿ ಸಣ್ಣ ಮಾಡಿ ಮುಕ್ಕಾಲು ಗಂಟೆ ಬಿಡಿ. ಕೊಳ್ಳುವಾಗ ಗೊರಸಿನ ಸಂದು ನೋಡಿ, ಸುಟ್ಟ ಕಾಲಾದರೆ ಮೂಸಿ ನೋಡಿ. ಕೆಲವು ಕಡೆ ಟೈರ್ ಉರಿಸಿ ಸುಡ್ತಾರೆ, ಆ ವಾಸನೆ ಎಷ್ಟು ತೊಳೆದರೂ ಹೋಗಲ್ಲ. ಅಕ್ಕಿ ಕಡುಬು ಜೊತೆಗಿರಲಿ, ಈ ಸಾರಿಗೆ ಚಪಾತಿ ಮಾಡಬೇಡಿ ಮಾರಾಯ್ರೆ.

ಬೋಟಿ ತೊಳೆದ ಮೊದಲ ನೀರನ್ನ ನಾವು ತೆಂಗಿನ ಬುಡಕ್ಕೆ ಹಾಕ್ತೀವಿ. ಸೊಸೆ ಸಿಂಕಿಗೆ ಸುರಿದಳು, ಸಂಜೆ ಸಿಂಕು ಕಟ್ಟಿಕೊಂಡಿತು. ಅದಕ್ಕೂ ನನ್ನನ್ನೇ ಕರೆದರು.