ಫೋಟೋ, ಲೋಗೊ ಮಾಡಿಸುವ ಮುನ್ನ ಈ ಲೆಕ್ಕ ಹಾಕಿ

ಹೋಂಸ್ಟೇ ಶುರು ಮಾಡುವಾಗ ಟೈಲ್ಸ್‌ಗೆ, ಸೋಫಾಕ್ಕೆ ಲಕ್ಷಗಟ್ಟಲೆ ಸುರಿದವರೇ ಫೋಟೋ ತೆಗೆಯಲು ಬಂದವರ ಹತ್ತಿರ ‘ಹತ್ತು ಫೋಟೋ ತಾನೆ, ಎರಡು ಸಾವಿರಕ್ಕೆ ಮಾಡಿಕೊಡಿ’ ಅನ್ನುವುದನ್ನು ಕೊಡಗಿನಲ್ಲಿ ಎಷ್ಟೋ ಕಡೆ ಕಂಡಿದ್ದೇನೆ. ಕೊಡಬಾರದು ಎಂದಲ್ಲ, ಎಷ್ಟು ಕೊಡಬೇಕೆಂಬ ಲೆಕ್ಕವೇ ಅವರಿಗೆ ಗೊತ್ತಿರುವುದಿಲ್ಲ.

1. ಎಷ್ಟು ಫೋಟೋ, ಯಾವಾಗ ಬೇಕು, ಎಲ್ಲಿ ಬಳಸುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆದು ಕೊಡಿ.

2. ದಿನದ ಲೆಕ್ಕ ಹಾಕಿ. ಎಲ್ಲರೂ ಎಡವುವುದು ಇಲ್ಲೇ. ಕ್ಯಾಮೆರಾ ಹಿಡಿದ ಮೂರು ಗಂಟೆ ನಿಮ್ಮ ಕಣ್ಣಿಗೆ ಬೀಳುತ್ತದೆ, ಉಳಿದದ್ದು ಬೀಳುವುದಿಲ್ಲ. ಕಕ್ಕಬ್ಬೆ ಕಡೆಯ ನಮ್ಮ ನೆಂಟರ ಮನೆಗೆ ಬಂದಿದ್ದ ಹುಡುಗಿ ಒಂದೇ ಕೋಣೆಯನ್ನು ಸ್ಟ್ಯಾಂಡ್ ಕದಲಿಸದೆ, ಬೆಳಕಿನ ಅಳತೆ ಬದಲಿಸುತ್ತ ಮೂರು ಸಲ ತೆಗೆದಳು: ಕಿಟಕಿಯಾಚೆಯ ಬಿಳಿ ಮಂಜಿಗೊಂದು, ಮಂಚಕ್ಕೊಂದು, ಕತ್ತಲ ಮೂಲೆಗೊಂದು. ಮೂರನ್ನೂ ಹೊಂದಿಸಿ ಒಂದು ಮಾಡಲು ಆಮೇಲೆ ಎರಡು ದಿನ ಕಂಪ್ಯೂಟರ್ ಮುಂದೆ ಕೂತಿದ್ದಳು.

ಹೀಗೆ ಲೆಕ್ಕ ಹಿಡಿಯಿರಿ. ಫೋಟೋ ತೆಗೆಯುವವರ ಮನೆಖರ್ಚು ತಿಂಗಳಿಗೆ 40,000, ಕ್ಯಾಮೆರಾ, ಲೆನ್ಸ್‌ಗಳ ಸವಕಳಿ ಮತ್ತು ರಿಪೇರಿಗೆ 10,000. ಮಳೆಗಾಲ ಕಳೆದು ವರ್ಷದ ಸರಾಸರಿ ನೋಡಿದರೆ ಹಣ ಹುಟ್ಟುವುದು ತಿಂಗಳಿಗೆ ಹತ್ತು ದಿನ ಎಂದುಕೊಳ್ಳಿ. ದಿನಕ್ಕೆ 5,000 ಆಯಿತು. ಶೂಟಿಂಗ್ ಒಂದು ದಿನ, ಎಡಿಟಿಂಗ್ ಎರಡು ದಿನ: 15,000. ಪೆಟ್ರೋಲ್ ಬೇರೆ. ಅಂಕಿಗಳು ಅವರವರಿಗೆ ಬದಲಾಗುತ್ತವೆ, ಲೆಕ್ಕದ ದಾರಿ ಇದೇ.

ಕಾಫಿ ಹೂವಿನ ಫೋಟೋ ಬೇಕೆಂದರೆ ಇನ್ನೊಂದು ಖರ್ಚು ಸೇರುತ್ತದೆ. ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ, ಬಿದ್ದು ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಮೂರ್ನಾಲ್ಕು ದಿನದಲ್ಲಿ ಹೂ ಕಂದುತ್ತದೆ. ಮಳೆ ಯಾವತ್ತು ಎಂದು ಯಾರಿಗೆ ಗೊತ್ತು? ನಿಮಗಾಗಿ ಬೇರೆ ಕೆಲಸ ಬಿಟ್ಟು ಕಾಯುವ ದಿನಗಳಿಗೂ ಒಂದಿಷ್ಟು ಕೊಡಿ.

‘ಎರಡು ದಿನ ನಮ್ಮಲ್ಲೇ ಉಳಿದುಕೊಳ್ಳಿ, ಊಟ ಫ್ರೀ’ ಎನ್ನುವುದು ಸಂಬಳವಲ್ಲ. ‘ನಿಮಗೂ ಪ್ರಚಾರ ಸಿಗುತ್ತೆ’ ಎನ್ನುವುದಂತೂ ಬೇಡವೇ ಬೇಡ. ಅದರಿಂದ ಯಾರ ಮನೆಗೂ ಅಕ್ಕಿ ಬರುವುದಿಲ್ಲ.

3. ಹಕ್ಕು ಯಾರದೆಂದು ಬರೆಸಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದ್ದು. ಲೋಗೊ ಹಾಗಲ್ಲ. ಹೊರಗಿನ ಡಿಸೈನರ್ ಬರೆದ ಲೋಗೊದ ಹಕ್ಕು, ಅವರು ಸಹಿ ಮಾಡಿ ಬರೆದುಕೊಡುವ ತನಕ ಅವರದ್ದೇ. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಹಕ್ಕು ನಿಮ್ಮಲ್ಲಿರುವುದು ಐದೇ ವರ್ಷ. ಪೂರ್ತಿ ಹಕ್ಕಿಗೆ ಹೆಚ್ಚು ಕೇಳಿದರೆ ಅದು ನ್ಯಾಯವೇ.

ಆ್ಯಪ್‌ಗಳಲ್ಲಿ ಸಿಗುವ ರೆಡಿಮೇಡ್ ಲೋಗೊ ಬೇಡ. ಒಂದು ಕಾಫಿ ಬೀಜ, ಎರಡು ಎಲೆ ಇರುವ ಅದೇ ಚಿತ್ರವನ್ನು ಪಕ್ಕದ ತೋಟದವರೂ ಪ್ಯಾಕೆಟ್ ಮೇಲೆ ಹಾಕಿರುತ್ತಾರೆ.

4. ಅರ್ಧ ಹಣ ಮುಂಗಡ ಕೊಡಿ. ತಿದ್ದುಪಡಿ ಎರಡು ಸಲ ಎಂದು ಮೊದಲೇ ಮಾತಾಡಿ, ಮೂರನೆಯದಕ್ಕೆ ಬೇರೆ ಕೊಡಿ.

5. ಫೈಲ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ತೆಗೆದುಕೊಳ್ಳಿ, ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಥರ ಕಳಿಸಿದರೆ ಚಿತ್ರ ಸೊರಗುತ್ತದೆ. ಬಾಕಿ ಹಣವನ್ನು ಅಂದೇ ಹಾಕಿ. ‘ಕಾಫಿ ಮಾರಿದ ಮೇಲೆ ನೋಡೋಣ’ ಎನ್ನಬೇಡಿ. ಉದ್ಯಮ್ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ) ನೋಂದಣಿ ಇರುವ ಸಣ್ಣ ಸ್ಟುಡಿಯೊಗಳಿಗೆ, ಲಿಖಿತ ಒಪ್ಪಂದ ಇಲ್ಲದಿದ್ದರೆ, 15 ದಿನದೊಳಗೆ ಕೊಡಬೇಕೆಂದು 2006ರ ಸಣ್ಣ ಉದ್ಯಮಗಳ (ಎಂಎಸ್ಎಂಇ) ಕಾಯ್ದೆಯೇ ಹೇಳುತ್ತದೆ. ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ.